ರಾಟೆ ಕಟ್ಟಿಕೊಟ್ಟವರಿಗೆ, ಸ್ಕೂಟರ್ ಓಡಿಸಿದವರಿಗೆ

ಫೆಬ್ರವರಿ ಕೊನೆಯಲ್ಲಿ ಸ್ವೀಡನ್ನಿನ ಸೇಲೆನ್‌ನಿಂದ ಮೂರಾ ಊರಿನವರೆಗೆ 90 ಕಿಲೋಮೀಟರ್ ಸ್ಕೀ ಮೇಲೆ ಹೋಗಿ ಮುಟ್ಟಿದೆ. 11 ಗಂಟೆ 24 ನಿಮಿಷ ಹಿಡಿಯಿತು. ತುಮಕೂರಿಗೆ ಬಂದು ಹತ್ತು ದಿನವಾದರೂ ಚಪಾತಿ ಲಟ್ಟಿಸುವಾಗ ಹೆಗಲು ಹಿಡಿದುಕೊಳ್ಳುತ್ತದೆ. ಫೋನ್ ಮಾಡಿದವರೆಲ್ಲ "ಗೆದ್ದೆಯಾ?" ಅಂತ ಕೇಳಿದರು. ಇಲ್ಲ. ನನ್ನ ಮುಂದೆ ಸಾವಿರಾರು ಜನ ಇದ್ದರು. ಹಿಂದೆಯೂ ಒಂದಷ್ಟು ಜನ ಇದ್ದರು, ನನಗೆ ಅಷ್ಟು ಸಾಕು.

ಮೊದಲು ಗುಬ್ಬಿ ತೋಟದ ಮಾವನಿಗೆ ಥ್ಯಾಂಕ್ಸ್ ಹೇಳಬೇಕು. ಯಾಕೆ ಅಂತ ಹೇಳಲು ಈ ಆಟದ ಬಗ್ಗೆ ಸ್ವಲ್ಪ ಹೇಳಬೇಕಾಗುತ್ತದೆ.

ಸ್ಕೀ ಅಂದರೆ ಬೆಟ್ಟದ ಮೇಲಿಂದ ಸುಂಯ್ ಅಂತ ಜಾರುವುದು ಎಂದು ನಮ್ಮಲ್ಲಿ ಜಾಸ್ತಿ ಜನ ತಿಳಿದಿದ್ದಾರೆ. ಇದು ಅದಲ್ಲ. ಇದು ಕಾಡು, ಗದ್ದೆಯಂಥ ಬಯಲು, ಏರು, ಇಳುಕಲು ಎಲ್ಲದರ ಮೇಲೂ ಸಾಗುವ ಕ್ರಾಸ್ ಕಂಟ್ರಿ ಸ್ಕೀ. ಹಿಮದಲ್ಲಿ ಎರಡು ಗಾಡಿ ಜಾಡಿನ ಹಾಗೆ ಗೆರೆ ಕೊರೆದಿರುತ್ತಾರೆ, ಅದರಲ್ಲಿ ಕಾಲಿಟ್ಟು ಹೋಗುವುದು. ದಾರಿಯ ಹೆಚ್ಚು ಪಾಲು ಕೆಲಸ ಕಾಲಿನದಲ್ಲ. ಎರಡೂ ಕೋಲನ್ನು ಒಟ್ಟಿಗೆ ಮುಂದೆ ಊರಿ, ಹೊಟ್ಟೆ ಬಗ್ಗಿಸಿ, ಹಿಂದಕ್ಕೆ ತಳ್ಳಬೇಕು. ಮತ್ತೆ ಎದ್ದು ಅದೇ. ಗಂಟೆಗಟ್ಟಲೆ ಅದೇ.

ಇದಕ್ಕೆ ಬೇರೆ ಮೆಷಿನ್ ಇದೆ, ಬೆಲೆ ಕೇಳಿ ಸುಮ್ಮನಾದೆ. ಮಾವನ ತೋಟದ ಬಾವಿ ಬತ್ತಿ ವರ್ಷಗಳಾಗಿವೆ, ಈಗ ನೀರು ಬರುವುದು ಕೊಳವೆಬಾವಿಯಿಂದ. ಆದರೆ ರಾಟೆ ಅಲ್ಲೇ ಇತ್ತು. ನಾನು ಕೋಲಿನ ಚಲನೆ ಮಾಡಿ ತೋರಿಸಿದಾಗ ಮಾವ "ಇದು ನೀರು ಸೇದೋದಲ್ವೇನಮ್ಮ?" ಅಂದರು. ಮಾರನೇ ದಿನ ರಾಟೆಗೆ ಗ್ರೀಸ್ ಹಾಕಿ, ಹಗ್ಗದ ಒಂದು ತುದಿಗೆ ಮರಳಿನ ಚೀಲ, ಇನ್ನೊಂದು ತುದಿಗೆ ಎರಡು ಹಿಡಿ ಕಟ್ಟಿದ್ದರು. ಜೂನ್‌ನಿಂದ ಜನವರಿವರೆಗೆ, ಕೈಗೆ ಪಟ್ಟಿ ಕಟ್ಟಿದ್ದ ಆರು ವಾರ ಬಿಟ್ಟು, ಪ್ರತಿ ಶನಿವಾರ ಆ ಖಾಲಿ ಬಾವಿಯಿಂದ ಮರಳು ಸೇದಿದ್ದೇನೆ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಮಾವ ಯಾರಿಗೂ ಏನೂ ವಿವರಿಸಲಿಲ್ಲ. ಅತ್ತೆ ಮಾತ್ರ "ಸೊಸೆ ಬಾವಿಗೆ ಕಣ್ಣಿಟ್ಟಿದ್ದಾಳೆ ಅಂತ ಊರೆಲ್ಲ ಮಾತಾಡ್ತಿದೆ" ಅಂತ ನಗುತ್ತಾ ಮಜ್ಜಿಗೆ ತಂದುಕೊಡುತ್ತಿದ್ದರು.

ಎರಡನೆಯದು ತಮ್ಮನಿಗೆ, ಮತ್ತು ಅವನ ಸ್ಕೂಟರ್‌ಗೆ. ಹಿಮ ಇಲ್ಲದ ಕಡೆ ರೋಲರ್ ಸ್ಕೀ ಕಟ್ಟಿಕೊಂಡು ರಸ್ತೆ ಮೇಲೆ ಅಭ್ಯಾಸ ಮಾಡುತ್ತಾರೆ. ಉದ್ದನೆಯ ಪಟ್ಟಿ, ಹಿಂದೆ ಮುಂದೆ ಒಂದೊಂದು ಗಾಲಿ. ನನ್ನದಕ್ಕೆ ಬ್ರೇಕ್ ಇಲ್ಲ. ಹಾಗಾಗಿ ದೇವರಾಯನದುರ್ಗದ ಏರನ್ನು ಸ್ಕೀ ಮೇಲೆ ಹತ್ತುವುದು, ಇಳಿಯುವುದು ತಮ್ಮನ ಸ್ಕೂಟರ್ ಹಿಂದೆ ಕೂತು. ಭಾನುವಾರ ಬೆಳಗ್ಗೆ ಐದೂವರೆಗೆ ಎದ್ದು, ನನ್ನ ಹಿಂದೆ ಇಂಡಿಕೇಟರ್ ಹಾಕಿಕೊಂಡು ನಡಿಗೆಯ ವೇಗದಲ್ಲಿ ಗಾಡಿ ಓಡಿಸಿದ್ದಾನೆ. ಬಸ್ಸು ಬಂದರೆ ಎರಡು ಹಾರ್ನ್, ನಾಯಿ ಬಂದರೆ ಮೂರು. ಮಂಗಗಳಿಗೆ ಹಾರ್ನ್ ಕೆಲಸ ಮಾಡಲಿಲ್ಲ. ಸೊಂಟದ ಚೀಲದಿಂದ ಬಾಳೆಹಣ್ಣು ಎಷ್ಟು ಸಲ ಹೋಯಿತೋ ಲೆಕ್ಕವಿಲ್ಲ.

ನಾಮದ ಚಿಲುಮೆ ಕಡೆಯ ದಾರಿಯಲ್ಲಿ ಟೀ ಅಂಗಡಿ ಇಟ್ಟಿರುವ ಅಕ್ಕ, ಬೆಳಕು ಹರಿಯುವ ತನಕ ನಮ್ಮನ್ನು ಬಿಡುತ್ತಲೇ ಇರಲಿಲ್ಲ. "ಚಿರತೆ ಓಡಾಡ್ತಿದೆ, ಕೂತ್ಕೊಳಿ." ಹಾಗೆ ಕೂತು ಕುಡಿದ ಟೀಗಳಲ್ಲಿ ನಾಲ್ಕರ ದುಡ್ಡು ಇನ್ನೂ ಬಾಕಿ ಇದೆ.

ಬಟವಾಡಿ ಹತ್ತಿರ ಗರಗಸದ ಬ್ಲೇಡಿಗೆ ಸಾಣೆ ಹಿಡಿಯುವ ಅಣ್ಣ. ಟಾರಿನ ಮೇಲೆ ಊರಿ ಊರಿ ಕೋಲಿನ ತುದಿ ಮೊಂಡಾಗುತ್ತದೆ. ಮೊಂಡಾದರೆ ಜಾರಿ ಮುಖ ಕೆಳಗಾಗುವುದೇ. ಆ ತುದಿ ಕಾರ್ಬೈಡ್, ಮಾಮೂಲಿ ಅರಕ್ಕೆ ಬಗ್ಗುವುದಿಲ್ಲ. ಅವರ ಹತ್ತಿರ ಡೈಮಂಡ್ ಚಕ್ರ ಇತ್ತು. ಮೊದಲ ಸಲ ದುಡ್ಡು ತೆಗೆದುಕೊಂಡರು, ಆಮೇಲೆ ತೆಗೆದುಕೊಳ್ಳಲಿಲ್ಲ.

ಆಗಸ್ಟ್‌ನಲ್ಲಿ ರಸ್ತೆ ಮೇಲಿನ ಜಲ್ಲಿಗೆ ಗಾಲಿ ಸಿಕ್ಕಿ ಬಿದ್ದೆ. ಎಡ ಮಣಿಕಟ್ಟಿನಲ್ಲಿ ಬಿರುಕು, ಆರು ವಾರ ಪಟ್ಟಿ. ನೋಡಿದ ಒಬ್ಬ ಡಾಕ್ಟರ್ "43 ವರ್ಷಕ್ಕೆ ಇದೆಲ್ಲ ಬೇಕಾ?" ಅಂದರು. ಅಂದಿದ್ದು ಕೆಟ್ಟದ್ದಕ್ಕಲ್ಲ, ಆದರೂ ಮನೆಗೆ ಬಂದು ಕಣ್ಣೀರು ಹಾಕಿದೆ. ಆ ಆರು ವಾರ ಮಗಳು ನನ್ನನ್ನು ಸಿದ್ದಗಂಗೆ ಬೆಟ್ಟದ ಮೆಟ್ಟಿಲು ಹತ್ತಿಸಿದಳು. ಕೈ ಕಟ್ಟಿದೆ, ಕಾಲು ಕಟ್ಟಿಲ್ಲವಲ್ಲ ಅನ್ನುವುದು ಅವಳ ವಾದ. ಹನ್ನೆರಡು ವರ್ಷದವಳ ಹತ್ತಿರ ವಾದ ಮಾಡಿ ಗೆದ್ದವರಿದ್ದರೆ ತಿಳಿಸಿ.

"ಹೆಂಗಸರು ಇದನ್ನೆಲ್ಲ ಮಾಡ್ತಾರಾ?" ಅಂತ ಕೇಳಿದವರಿಗೂ ಒಂದು ಥ್ಯಾಂಕ್ಸ್, ಸಿಟ್ಟಿನಲ್ಲಿ ಇನ್ನೂ ಹತ್ತು ಸಲ ಹಗ್ಗ ಎಳೆದಿದ್ದೇನೆ. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಇದೇ ಆಟದಲ್ಲಿ ದೇಶದ ಪರ ಸ್ಪರ್ಧಿಸಿದ್ದಾರೆ. ಇನ್ನು ನಾನು ಹೋದ ದಾರಿಯ ಕಥೆ ಕೇಳಿ. ಅದು ವಾಸಲೊಪೆಟ್ ರೇಸಿನ ದಾರಿ, 1922ರಲ್ಲಿ ಶುರುವಾದದ್ದು. ಮುಂದೆ ಸ್ವೀಡನ್ನಿನ ರಾಜನಾದ ಗುಸ್ತಾವ್ ವಾಸಾ ಮೂರಾದಿಂದ ನಾರ್ವೆ ಕಡೆಗೆ ತಪ್ಪಿಸಿಕೊಂಡು ಹೊರಟಿದ್ದಾಗ, ಊರಿನ ಇಬ್ಬರು ಸ್ಕೀ ಮೇಲೆ ಬೆನ್ನಟ್ಟಿ ಸೇಲೆನ್ ಹತ್ತಿರ ಹಿಡಿದು ವಾಪಸ್ ಕರೆತಂದರಂತೆ. ಅದರ ನೆನಪಿಗೆ ಈ ರೇಸು. 1923ರಲ್ಲಿ ಮಾರ್ಗಿಟ್ ನೂರ್ದಿನ್ ಎಂಬಾಕೆ ಅದನ್ನು ಮುಗಿಸಿದರು. ಮರುವರ್ಷವೇ ಹೆಂಗಸರಿಗೆ ನಿಷೇಧ ಹಾಕಿದರು! ಅದು ತೆರವಾಗಿ ಹೆಂಗಸರು ಮತ್ತೆ ಇಳಿದದ್ದು 1981ರಲ್ಲಿ. ನಾನು ಹೋದದ್ದು ಮುಖ್ಯ ರೇಸಿಗೆ ಅಲ್ಲ, ಅದಕ್ಕೂ ಮುಂಚಿನ ದಿನಗಳಲ್ಲಿ ಅದೇ ಜಾಡಿನಲ್ಲಿ ನಡೆಯುವ ಓಪೆಟ್ ಸ್ಪೋರ್‌ಗೆ. ದೂರ ಅಷ್ಟೇ, ನೂಕುನುಗ್ಗಲು ಕಡಿಮೆ.

ಆ ದಿನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶುರುವಿನಲ್ಲೇ ಕಡಿದಾದ ಏರು. ನನ್ನ ಸ್ಕೀ ಅಡಿಯಲ್ಲಿ ಆಡಿನ ಕೂದಲಿನ ಪಟ್ಟಿ ಇದೆ, ಬೆಕ್ಕಿನ ಬೆನ್ನು ಸವರಿದ ಹಾಗೆ ಮುಂದಕ್ಕೆ ನುಣುಪು, ಹಿಂದಕ್ಕೆ ತಡೆ. ಅದರಿಂದ ಹತ್ತಿದೆ. ಅರ್ಧ ದಾರಿ ದಾಟಿದ ಮೇಲೆ ಎವರ್ಟ್ಸ್‌ಬರ್ಗ್‌ನಲ್ಲಿ ಬೆರಳಿಗೆ ಸ್ಪರ್ಶವೇ ಇರಲಿಲ್ಲ. ಅಲ್ಲಿದ್ದ ಒಬ್ಬ ಅಜ್ಜಿ ನನ್ನ ಗ್ಲೌಸ್ ಬಿಚ್ಚಿ, ಎರಡೂ ಕೈಯನ್ನು ತಮ್ಮ ಅಂಗೈಯಲ್ಲಿ ಉಜ್ಜಿ, ಬ್ಲೂಬೆರಿ ಸೂಪಿನ ಲೋಟ ಹಿಡಿಸಿದರು. ಅಂಬಲಿಯಷ್ಟು ಗಟ್ಟಿ, ಬಿಸಿ, ಸಿಹಿ, ನೇರಳೆ ಹಣ್ಣಿನ ಬಣ್ಣ. ಮೂರು ಲೋಟ ಕುಡಿದೆ. ಅವರಿಗೆ ಈ ಬರಹ ತಲುಪುವುದಿಲ್ಲ, ತಲುಪಿದರೂ ಓದಲು ಬರುವುದಿಲ್ಲ. ಆದರೂ ಬರೆಯದೆ ಬಿಡಲಾರೆ.

ಕೊನೆಯ 9 ಕಿಲೋಮೀಟರ್, ಎಲ್ಡ್ರಿಸ್‌ನಿಂದ ಮೂರಾವರೆಗೆ, ಕತ್ತಲು. ಹೆಡ್ ಲೈಟ್ ಬೆಳಕಲ್ಲಿ ಜಾಡು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆಗ ಎಣಿಸಿದ್ದು ಬಾವಿಕಟ್ಟೆಯ ಲೆಕ್ಕದಲ್ಲೇ. ಐವತ್ತು ಸಲ ಸೇದು, ಉಸಿರು ತಗೋ. ಮತ್ತೆ ಐವತ್ತು.

ಬರುವ ಭಾನುವಾರ ಬೆಳಗ್ಗೆ ಟೀ ಅಂಗಡಿ ಹತ್ತಿರ ಎಲ್ಲರೂ ಬನ್ನಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ನನ್ನ ಖರ್ಚು, ಹಳೇ ನಾಲ್ಕು ಟೀ ಬಾಕಿಯನ್ನೂ ಅವತ್ತೇ ತೀರಿಸುತ್ತೇನೆ. ಮಾವಾ, ಮರಳಿನ ಚೀಲ ಇನ್ನೂ ಇಳಿಸಬೇಡಿ.