ಆರು ತಿಂಗಳ ಗಡುವು ಅಂತ ಗಾಯಾಳುಗಳಿಗೆ ಹೇಳುವವರು ಯಾರು?

ಸಂಪಾದಕರಿಗೆ ನಮಸ್ಕಾರ.

ರಸ್ತೆ ಅಪಘಾತದಲ್ಲಿ ಪೆಟ್ಟು ತಿಂದವರು ಪರಿಹಾರಕ್ಕೆ ಅರ್ಜಿ ಹಾಕಲು ಕಾನೂನು ಕೊಟ್ಟಿರುವ ಕಾಲ ಬರೀ ಆರು ತಿಂಗಳು. ಅದೂ ಆಸ್ಪತ್ರೆಯಿಂದ ಮನೆಗೆ ಬಂದ ದಿನದಿಂದ ಅಲ್ಲ, ಅಪಘಾತ ಆದ ದಿನದಿಂದಲೇ ಲೆಕ್ಕ. ನಮ್ಮ ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಇದು ಎಷ್ಟು ಜನಕ್ಕೆ ಗೊತ್ತು? ನಾನು ಮಾತಾಡಿಸಿದವರಲ್ಲಿ ಹೆಚ್ಚಿನವರು "ಕೇಸು ಯಾವಾಗ ಬೇಕಾದ್ರೂ ಹಾಕಬಹುದು ಬಿಡಿ" ಅಂತಲೇ ನಂಬಿದ್ದಾರೆ.

ಹಾಗೆ ನಂಬಿರುವುದು ಅವರ ತಪ್ಪಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮೊದಲು ಆರು ತಿಂಗಳ ಗಡುವು ಇತ್ತು, ತಕ್ಕ ಕಾರಣ ಇದ್ದರೆ ಒಂದು ವರ್ಷದವರೆಗೂ ಅರ್ಜಿ ತೆಗೆದುಕೊಳ್ಳಬಹುದಿತ್ತು. 1994ರಲ್ಲಿ ಆ ಗಡುವನ್ನೇ ತೆಗೆದುಹಾಕಿದರು. ಒಂದು ತಲೆಮಾರಿನಷ್ಟು ಕಾಲ ಜನ ಗಡುವಿಲ್ಲದೆ ಅಪಘಾತ ಪರಿಹಾರದ ಕೇಸು ಹಾಕಿಕೊಂಡು ಬಂದರು. ಆಮೇಲೆ 2019ರ ತಿದ್ದುಪಡಿಯಲ್ಲಿ ಗಡುವು ವಾಪಸ್ ಬಂತು, 2022ರ ಏಪ್ರಿಲ್ 1ರಿಂದ ಜಾರಿಯಾಯಿತು. ಈ ಸಲ ತಡ ಆಗಿದ್ದಕ್ಕೆ ಕಾರಣ ಹೇಳಿಕೊಳ್ಳುವ ಅವಕಾಶವನ್ನೂ ಆ ಕಲಮಿನಲ್ಲಿ ಬರೆಯಲಿಲ್ಲ. ಹೆಲ್ಮೆಟ್ ದಂಡ ಎಷ್ಟು ಜಾಸ್ತಿ ಆಯಿತು ಅನ್ನೋದು ಮೂಲೆ ಮೂಲೆಗೂ ಗೊತ್ತಾಯಿತು, ಅದೇ ತಿದ್ದುಪಡಿಯಲ್ಲಿದ್ದ ಈ ವಿಷಯ ಮಾತ್ರ ಯಾರ ಕಿವಿಗೂ ಬೀಳಲಿಲ್ಲ.

ಆರು ತಿಂಗಳು ಅಂದರೆ ಕಡಿಮೆಯಾ ಅಂತ ಕೆಲವರು ಕೇಳಬಹುದು. ಕಾಲು ಮುರಿದು ರಾಡ್ ಹಾಕಿಸಿಕೊಂಡವರ ಮನೆಗೆ ಒಂದು ಸಲ ಹೋಗಿ ನೋಡಿ. ನಮ್ಮ ಪಕ್ಕದ ಊರಿನ ಒಬ್ಬ ಅಕ್ಕ, ಟೊಮೆಟೊ ಬಿಡಿಸುವ ಕೂಲಿಗೆ ಹೋಗುವವರು, ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆ ದಾಟುವಾಗ ಕಾರು ಗುದ್ದಿತು. ಎಫ್‌ಐಆರ್ ಆಗಿತ್ತು. ಕಾರಿನವರು ಆಸ್ಪತ್ರೆಗೇ ಬಂದು "ಕೇಸು ಗೀಸು ಎಲ್ಲ ಯಾಕಮ್ಮ, ಖರ್ಚು ನಾನೇ ನೋಡ್ಕೋತೀನಿ" ಅಂದರು, ಮೊದಲನೇ ಬಿಲ್ ಕಟ್ಟಿಯೂ ಕಟ್ಟಿದರು. ಎರಡನೇ ಆಪರೇಷನ್ ಹೊತ್ತಿಗೆ ಫೋನ್ ಎತ್ತುವುದು ನಿಲ್ಲಿಸಿದರು. ಆಯಮ್ಮ ವಾಕರ್ ಹಿಡಿದು ಬಚ್ಚಲಿಗೆ ಹೋಗೋದೇ ಕಷ್ಟ ಇತ್ತು. ಗಂಡ ಕೂಲಿ ಬಿಟ್ಟು ಅವರನ್ನು ನೋಡಿಕೊಳ್ಳಬೇಕಿತ್ತು, ಮಗನ ಕಾಲೇಜು ಫೀಸಿಗೆ ಇಟ್ಟಿದ್ದ ದುಡ್ಡು ಔಷಧಿಗೆ ಹೋಯಿತು, ಇಂಥ ಹೊತ್ತಲ್ಲಿ ಕೋರ್ಟು, ವಕೀಲರು, ವಕಾಲತ್ತು ಅಂತ ಯಾರ ತಲೆಗೆ ಬರುತ್ತೆ ಹೇಳಿ? ಎಕ್ಸ್‌ರೇ, ಬಿಲ್ಲು, ಡಿಸ್ಚಾರ್ಜ್ ಕಾರ್ಡು ಎಲ್ಲವನ್ನೂ ಒಂದು ಬಟ್ಟೆ ಅಂಗಡಿ ಕವರ್‌ನಲ್ಲಿ ಹಾಕಿ ಗೋಡೆ ಮೊಳೆಗೆ ನೇತುಹಾಕಿದ್ದರು. ಅದನ್ನು ವಕೀಲರ ಹತ್ತಿರ ತೆಗೆದುಕೊಂಡು ಹೋಗುವಾಗ ಗಡುವು ದಾಟಿಹೋಗಿತ್ತು.

ಬೇರೆ ಕಾನೂನುಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಹೊಟ್ಟೆ ಉರಿಯುತ್ತದೆ. ಕೆಲಸದ ಜಾಗದಲ್ಲಿ ಗಾಯವಾದರೆ ನೌಕರರ ಪರಿಹಾರ ಕಾಯ್ದೆಯಲ್ಲಿ 2 ವರ್ಷ ಇದೆ. ಗ್ರಾಹಕರ ಆಯೋಗಕ್ಕೆ ದೂರು ಕೊಡಲೂ 2 ವರ್ಷ. ರೈಲು ಅಪಘಾತಕ್ಕೆ 1 ವರ್ಷ. ಈ ಮೂರರಲ್ಲೂ ತಡವಾದರೆ ಸರಿಯಾದ ಕಾರಣ ಹೇಳಿ ಕ್ಷಮೆ ಕೇಳುವ ದಾರಿ ಕಾನೂನಿನಲ್ಲೇ ಬರೆದಿದೆ. ಕೆಟ್ಟುಹೋದ ಫ್ರಿಜ್ಜಿಗೆ 2 ವರ್ಷ, ಮುರಿದ ಕಾಲಿಗೆ ಆರೇ ತಿಂಗಳು. ಇದು ನ್ಯಾಯ ಅಲ್ಲ.

ಈ ಗಡುವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನಲ್ಲಿವೆ. ಅವು ಇತ್ಯರ್ಥ ಆಗುವವರೆಗೆ, ಆರು ತಿಂಗಳು ಮೀರಿತು ಅನ್ನುವ ಕಾರಣಕ್ಕೆ ಯಾರ ಕ್ಲೇಮನ್ನೂ ವಜಾ ಮಾಡಬಾರದು ಅಂತ 2025ರ ನವೆಂಬರ್‌ನಲ್ಲಿ ಕೋರ್ಟು ಮಧ್ಯಂತರ ಆದೇಶ ಕೊಟ್ಟಿತು. ಆದ್ದರಿಂದ ತಡ ಆಯಿತು ಅಂತ ಕೈಚೆಲ್ಲಿ ಕೂತವರು ದಯವಿಟ್ಟು ವಕೀಲರನ್ನು ಕಾಣಿ. ಆದರೆ ಇದು ಮಧ್ಯಂತರ ಆದೇಶ, ಕೊನೆಯ ತೀರ್ಪಲ್ಲ. ಇದನ್ನೇ ನಂಬಿಕೊಂಡು ಈಗ ಹೊಸದಾಗಿ ಪೆಟ್ಟು ತಿಂದವರು ತಡ ಮಾಡಬೇಡಿ.

ಇನ್ನೊಂದು ಮಾತು ಇದೆ, ನನಗೆ ಇದೇ ಮುಖ್ಯ. ಅಪಘಾತ ಆದಮೇಲೆ ತನಿಖೆ ಮಾಡುವ ಪೊಲೀಸರು 48 ಗಂಟೆಯೊಳಗೆ ಮೊದಲ ವರದಿಯನ್ನು, 90 ದಿನದೊಳಗೆ ಪೂರ್ತಿ ವರದಿಯನ್ನು ಕ್ಲೇಮ್ ನ್ಯಾಯಮಂಡಳಿಗೆ, ಅಂದರೆ ಅಪಘಾತ ಪರಿಹಾರದ ಅರ್ಜಿಗಳನ್ನು ವಿಚಾರಿಸುವ ಕೋರ್ಟಿಗೆ, ಕಳಿಸಬೇಕು ಅಂತ 2022ರ ನಿಯಮಗಳೇ ಹೇಳುತ್ತವೆ. ಕಾಯ್ದೆ ಪ್ರಕಾರ ಆ ವರದಿಯನ್ನೇ ಪರಿಹಾರದ ಅರ್ಜಿ ಅಂತ ತೆಗೆದುಕೊಳ್ಳಬೇಕು. ಗಾಯಾಳುವಿಗೆ ಏನೇನು ಹಕ್ಕಿದೆ ಅಂತ ಬರೆದ ಒಂದು ಫಾರಂ ಕೂಡ 10 ದಿನದೊಳಗೆ ಅವರ ಕೈಗೆ ಕೊಡಬೇಕು. ಇದಿಷ್ಟು ಸರಿಯಾಗಿ ನಡೆದರೆ ಮಂಚದ ಮೇಲಿರುವವರು ಗಡುವಿಗೆ ಹೆದರಬೇಕಾಗಿಯೇ ಇಲ್ಲ, ಅಲ್ವಾ? ನಾನು ಮೇಲೆ ಹೇಳಿದ ಅಕ್ಕನ ಕವರ್‌ನಲ್ಲಿ ಆ ಫಾರಂ ಇರಲಿಲ್ಲ. ಅಂಥದ್ದೊಂದು ಕಾಗದ ಇದೆ ಅಂತಲೂ ಆ ಮನೆಯವರಿಗೆ ಗೊತ್ತಿರಲಿಲ್ಲ.

ಜನ ತಡ ಮಾಡೋಕೆ ಇನ್ನೊಂದು ಕಾರಣ, ಚಿಕಿತ್ಸೆ ಪೂರ್ತಿ ಮುಗಿದು ಅಂಗವೈಕಲ್ಯದ ಸರ್ಟಿಫಿಕೇಟ್ ಬಂದಮೇಲೆ ಕೇಸು ಹಾಕಬೇಕು ಅನ್ನೋ ನಂಬಿಕೆ. ಹಾಗೇನಿಲ್ಲ. ಎಫ್‌ಐಆರ್ ಪ್ರತಿ, ಆಸ್ಪತ್ರೆ ಕಾಗದ ಇಟ್ಟುಕೊಂಡು ಮೊದಲು ಅರ್ಜಿ ಹಾಕಬಹುದು, ಉಳಿದ ಬಿಲ್ಲು, ವೂಂಡ್ ಸರ್ಟಿಫಿಕೇಟ್ (ಗಾಯದ ಬಗ್ಗೆ ಡಾಕ್ಟರು ಬರೆದುಕೊಡುವ ಪತ್ರ), ಚಾರ್ಜ್‌ಶೀಟ್ ಆಮೇಲೆ ಕೊಡಬಹುದು. ಅಪಘಾತ ದೂರದ ಊರಲ್ಲಿ ಆಗಿದ್ದರೂ ಅಲ್ಲಿಗೇ ಅಲೆಯಬೇಕಿಲ್ಲ, ನೀವು ವಾಸ ಇರುವ ಕಡೆಯ ನ್ಯಾಯಮಂಡಳಿಯಲ್ಲೇ ಹಾಕಬಹುದು. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಆಸ್ಪತ್ರೆ ಬಾಗಿಲಲ್ಲಿ "ಕ್ಲೇಮ್ ಕೊಡಿಸ್ತೀವಿ" ಅಂತ ಬರುವ ದಲ್ಲಾಳಿಗಳ ಕೈಗೆ ಮಾತ್ರ ಒರಿಜಿನಲ್ ಕಾಗದ ಕೊಡಬೇಡಿ.

ನಮ್ಮ ಸಂಸದರು ಈ ಕಲಮನ್ನು ಬದಲಿಸಿ ಅಂತ ಸಂಸತ್ತಿನಲ್ಲಿ ಕೇಳಬೇಕು. ಗಡುವು ತೆಗೆಯಲು ಆಗದಿದ್ದರೆ, ತಡಕ್ಕೆ ಕಾರಣ ಕೇಳಿ ಮನ್ನಿಸುವ ಅಧಿಕಾರವನ್ನಾದರೂ ನ್ಯಾಯಮಂಡಳಿಗೆ ವಾಪಸ್ ಕೊಡಲಿ. ಅದಕ್ಕೆ ಕಾಲ ಹಿಡಿಯುತ್ತದೆ, ಗೊತ್ತು. ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿಗಳು ಮಾಡಬಹುದಾದ ಕೆಲಸಕ್ಕೆ ಅಷ್ಟು ಕಾಲ ಬೇಕಿಲ್ಲ. ಹಕ್ಕುಗಳ ಆ ಫಾರಂ ಅನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಆರು ತಿಂಗಳು ಯಾವ ತಾರೀಕಿಗೆ ಮುಗಿಯುತ್ತದೆ ಅಂತ ಅದರ ಮೇಲೆ ಪೆನ್ನಿನಲ್ಲಿ ಬರೆದು, ಎಫ್‌ಐಆರ್ ಪ್ರತಿಯ ಜೊತೆಗೇ ಗಾಯಾಳುವಿನ ಮನೆಯವರಿಗೆ ಕೊಟ್ಟು ಸಹಿ ತೆಗೆದುಕೊಳ್ಳಿ ಅಂತ ಎಲ್ಲ ಠಾಣೆಗಳಿಗೂ ಸೂಚನೆ ಕೊಡಲಿ.

ಇಂತಿ,
ಮುಳಬಾಗಿಲು ತಾಲ್ಲೂಕಿನ ಒಬ್ಬ ಓದುಗ