ಸ್ಕ್ಯಾನಿಂಗ್ ಕೋಣೆಯಿಂದ ಹೊರಬಂದ ಮೇಲೆ

ಮಾನ್ಯ ಸಂಪಾದಕರೇ,

ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. 1993ರಿಂದ ಕಥೋಲಿಕ ಧರ್ಮಸಭೆಯು ಅದೇ ದಿನವನ್ನು ವಿಶ್ವ ರೋಗಿಗಳ ದಿನವನ್ನಾಗಿಯೂ ಆಚರಿಸುತ್ತ ಬಂದಿದೆ. ಅಂದು ಬಳ್ಳಾರಿ, ರಾಯಚೂರು, ಕೊಪ್ಪಳದ ಚರ್ಚುಗಳಲ್ಲಿ ಕಾಯಿಲೆಯವರಿಗಾಗಿ ಪ್ರಾರ್ಥಿಸುವಾಗ, ಯಾರ ಕಣ್ಣಿಗೂ ರೋಗಿಗಳಂತೆ ಕಾಣದ ಕೆಲವು ಹೆಂಗಸರು ಹಿಂದಿನ ಸಾಲಿನಲ್ಲಿ ಕೂತಿರಬಹುದು ಎಂಬುದನ್ನು ನೆನಪಿಸುವುದಕ್ಕಾಗಿ ಈ ಪತ್ರ. ನಾಲ್ಕು ವರ್ಷಗಳ ಹಿಂದೆ ನಾನೂ ಹಾಗೆ ಕೂತಿದ್ದವಳು.

ಅದು ನನ್ನ ಬಸುರಿನ 21ನೆಯ ವಾರ. ನಗರದ ಒಂದು ಖಾಸಗಿ ಸ್ಕ್ಯಾನಿಂಗ್ ಕೇಂದ್ರದಲ್ಲಿ ವೈದ್ಯರು ಪರದೆಯಿಂದ ಕಣ್ಣು ತೆಗೆಯದೆ, ಮಗುವಿನ ಹೃದಯ ಸರಿಯಿಲ್ಲವೆಂದೂ, ನನಗೆ ಇನ್ನೂ ವಯಸ್ಸಿದೆಯೆಂದೂ, 24 ವಾರದೊಳಗೆ ತೀರ್ಮಾನಿಸುವುದು ಒಳ್ಳೆಯದೆಂದೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. 2021ರಲ್ಲಿ ತಿದ್ದುಪಡಿಯಾದ ಗರ್ಭಪಾತ ಕಾಯ್ದೆಯ ಪ್ರಕಾರ, ಆ ಗಡುವು ದಾಟಿದ ಮೇಲೆ ಭ್ರೂಣದಲ್ಲಿ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿ ಒಪ್ಪಬೇಕು. ಅವರು ಹೇಳಿದ್ದು ತಪ್ಪಲ್ಲ. ಆದರೆ ಹೊಟ್ಟೆಗೆ ಹಚ್ಚಿದ ಜೆಲ್ ಒರೆಸಿಕೊಳ್ಳುವ ಮೊದಲೇ ಅದನ್ನು ಕೇಳಬೇಕಾಯಿತು, ಹೊರಗೆ ಮುಂದಿನವರ ಹೆಸರು ಕೂಗಲು ಆಗಲೇ ಶುರುವಾಗಿತ್ತು.

ವಾರದ ನಂತರ ಬೆಂಗಳೂರಿನಲ್ಲಿ ಮಾಡಿಸಿದ ಎಕೋ ಪರೀಕ್ಷೆಯಲ್ಲಿ (ಹೃದಯದ ಸ್ಕ್ಯಾನಿನಲ್ಲಿ) ದೋಷದ ಹೆಸರು ತಿಳಿಯಿತು: ಟೆಟ್ರಾಲಜಿ ಆಫ್ ಫಾಲೋ. ಹೃದಯದ ಕೆಳಕೋಣೆಗಳ ನಡುವೆ ರಂಧ್ರ, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಕಿರಿದು, ಮಹಾಪಧಮನಿ ಆ ರಂಧ್ರದ ಮೇಲೆಯೇ ಸರಿದು ಕೂತಿರುವುದು, ಬಲ ಕೆಳಕೋಣೆಯ ಗೋಡೆ ದಪ್ಪವಾಗುವುದು, ಹೀಗೆ ನಾಲ್ಕು ತೊಂದರೆಗಳು ಒಟ್ಟಿಗೆ. ಅಲ್ಲಿನ ವೈದ್ಯೆ ಕುರ್ಚಿ ಎಳೆದುಕೊಂಡು ನಮ್ಮೆದುರು ಕೂತು, ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು, ಹುಟ್ಟಿದ ಮೇಲೆ ಶಸ್ತ್ರಚಿಕಿತ್ಸೆ ಸಾಧ್ಯವೆಂದೂ ಆದರೆ ಯಾವ ಭರವಸೆಯನ್ನೂ ತಾವು ಬರೆದು ಕೊಡಲಾರೆವೆಂದೂ ತಿಳಿಸಿದರು. ಆ ಚೀಟಿ ಇಂದಿಗೂ ನನ್ನ ಪ್ರಾರ್ಥನೆ ಪುಸ್ತಕದೊಳಗಿದೆ.

ಊರಿಗೆ ಮರಳಿದ ಮೇಲಿನ ದಿನಗಳಲ್ಲಿ ಪ್ರಾರ್ಥನೆ ನನ್ನನ್ನು ಕೂಡಲೇ ಕೈಹಿಡಿಯಿತು ಎಂದರೆ ಸುಳ್ಳಾಗುತ್ತದೆ. ಗ್ರಹಣದಲ್ಲಿ ಹೊರಗೆ ಹೋಗಿದ್ದೆಯಾ ಎಂದು ಕೇಳಿದವರಿದ್ದರು. ನಮ್ಮವರಲ್ಲಿಯೇ ಕೆಲವರು, ವಿಶ್ವಾಸ ಗಟ್ಟಿಯಿದ್ದರೆ ಮುಂದಿನ ಸ್ಕ್ಯಾನಿನಲ್ಲಿ ಎಲ್ಲ ಸರಿಯಾಗಿರುತ್ತದೆ ಎಂದರು. ಎರಡನೆಯ ಮಾತು ಮೊದಲನೆಯದಕ್ಕಿಂತ ಹೆಚ್ಚು ಚುಚ್ಚಿತು, ಏಕೆಂದರೆ ಸರಿಯಾಗದಿದ್ದರೆ ಅದರ ಹೊಣೆಯೂ ನನ್ನ ಮೇಲೆಯೇ ಬೀಳುತ್ತಿತ್ತು. ಒಬ್ಬರು ಸಂತ ಜಿಯಾನ್ನಾ ಮೊಲ್ಲಾ ಅವರ ಚಿತ್ರ ತಂದುಕೊಟ್ಟರು. ಹೊಟ್ಟೆಯ ಮಗುವಿಗಾಗಿ ತನ್ನ ಪ್ರಾಣವನ್ನೇ ಪಣಕ್ಕಿಟ್ಟು, 1962ರಲ್ಲಿ ಮಗಳನ್ನು ಹೆತ್ತು ಒಂದು ವಾರದಲ್ಲಿ ತೀರಿಕೊಂಡ ಆ ಇಟಲಿಯ ತಾಯಿ ಸ್ವತಃ ಮಕ್ಕಳ ವೈದ್ಯೆ, 2004ರಲ್ಲಿ ಸಂತ ಪದವಿಗೇರಿದವರು. ಅಷ್ಟು ಧೈರ್ಯ ನನ್ನಲ್ಲಿರಲಿಲ್ಲ, ಚಿತ್ರವನ್ನು ಬೀರುವಿನಲ್ಲಿಟ್ಟುಬಿಟ್ಟೆ.

ನನ್ನನ್ನು ಉಳಿಸಿದ್ದು ನಮ್ಮ ಧರ್ಮಕೇಂದ್ರದ ವಯಸ್ಸಾದ ಸಿಸ್ಟರ್ ಒಬ್ಬರು. ಜಪಸರದ ಸಂತೋಷದ ರಹಸ್ಯಗಳನ್ನು, ಅಂದರೆ ಯೇಸುವಿನ ಜನನ ಮತ್ತು ಬಾಲ್ಯದ ಐದು ಘಟನೆಗಳನ್ನು, ಧ್ಯಾನಿಸುವ ಸೋಮವಾರ ಮತ್ತು ಶನಿವಾರ ಸಂಜೆ ಅವರು ಮನೆಗೆ ಬಂದು, ಏನನ್ನೂ ಕೇಳದೆ, ಏನನ್ನೂ ಹೇಳದೆ ಜಪಸರ ತೆಗೆಯುತ್ತಿದ್ದರು. ನನಗೆ ಬಾಯಿ ಬಾರದ ದಿನ ಐವತ್ತು ‘ನಮೋ ಮರಿಯ’ ಪ್ರಾರ್ಥನೆಗಳನ್ನೂ ಅವರೊಬ್ಬರೇ ಹೇಳಿ ಮುಗಿಸುತ್ತಿದ್ದರು. ಎರಡನೆಯ ರಹಸ್ಯ ಮರಿಯಮ್ಮ ಎಲಿಜಬೇತಳನ್ನು ಕಾಣಲು ಹೋದದ್ದು. ಮುಪ್ಪಿನಲ್ಲಿ ಬಸುರಾದ ಎಲಿಜಬೇತಳ ಮನೆಯಲ್ಲಿ ಮರಿಯಮ್ಮ ಸುಮಾರು ಮೂರು ತಿಂಗಳು ಉಳಿದಳು ಎಂದು ಲೂಕನ ಶುಭಸಂದೇಶ ಹೇಳುತ್ತದೆ. ಚಿಕ್ಕಂದಿನಿಂದ ಕೇಳಿದ ಆ ಸಾಲಿನಲ್ಲಿ ‘ಉಳಿದಳು’ ಎಂಬ ಮಾತು ಇದೆಯೆಂಬುದನ್ನು ಆಗಲೇ ನಾನು ಗಮನಿಸಿದ್ದು. ಒಂದು ಶನಿವಾರ ಅದೇ ರಹಸ್ಯದ ನಡುವೆ ಮಗು ಜೋರಾಗಿ ಒದೆಯಿತು. ಪವಾಡವೇನೂ ಅಲ್ಲ, ಐದೂವರೆ ತಿಂಗಳ ಮಗು ಒದೆಯುತ್ತದೆ. ಆದರೆ ಅಂದಿನಿಂದ ‘ಗುಣಪಡಿಸು’ ಎಂದು ಬೇಡುವುದನ್ನು ಬಿಟ್ಟು, ‘ಜೊತೆಗಿರು’ ಎಂದು ಬೇಡತೊಡಗಿದೆ, ನಿದ್ದೆಯೂ ಬರತೊಡಗಿತು.

ಬೇಡಿಕೊಂಡವರು ನಾವಷ್ಟೇ ಅಲ್ಲ. ಪಕ್ಕದ ಮನೆಯ ಅಜ್ಜಿ ಹುಲಿಗೆಮ್ಮನಿಗೆ ಹರಕೆ ಹೊತ್ತರು. ತವರೂರು ಮುದಗಲ್ಲಿನಲ್ಲಿ ಅವ್ವನ ಗೆಳತಿ ಮೊಹರಮಿನಲ್ಲಿ ಸಕ್ಕರೆ ಓದಿಸಿ ಕಳಿಸಿದರು.

ಮುಂದಿನ ಸ್ಕ್ಯಾನಿನಲ್ಲಿ ಏನೂ ಬದಲಾಗಿರಲಿಲ್ಲ. ಪ್ರಾರ್ಥಿಸುವವರಿಗೆ ಪರೀಕ್ಷೆ ಬೇಡ ಎನ್ನುವವರು ಗಮನಿಸಲಿ: ಮಗುವಿನ ಆರೈಕೆ ಮತ್ತು ಚಿಕಿತ್ಸೆಗಾಗಿ ಗರ್ಭದಲ್ಲಿಯೇ ಪರೀಕ್ಷೆ ಮಾಡುವುದನ್ನು ಧರ್ಮಸಭೆ ತನ್ನ ಧರ್ಮೋಪದೇಶ ಗ್ರಂಥದಲ್ಲಿಯೇ ಒಪ್ಪಿದೆ. ದೋಷ ಮೊದಲೇ ತಿಳಿದಿದ್ದರಿಂದ ಹೆರಿಗೆ ಮಕ್ಕಳ ಹೃದಯತಜ್ಞರಿರುವ ಆಸ್ಪತ್ರೆಯಲ್ಲಿ ಆಯಿತು, ಅಳುವಾಗ ಮಗು ನೀಲಿಗಟ್ಟಿದರೆ ಮೊಣಕಾಲುಗಳನ್ನು ಎದೆಗೆ ಮಡಚಿ ಹಿಡಿಯಬೇಕೆಂಬುದನ್ನು ನಾನು ಮೊದಲೇ ಕಲಿತಿದ್ದೆ. ಹನ್ನೊಂದನೆಯ ತಿಂಗಳಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ. ವರ್ಷಕ್ಕೊಮ್ಮೆ ಎಕೋ ಆಗಬೇಕು, ದೊಡ್ಡವಳಾದ ಮೇಲೆ ಕವಾಟ ಬದಲಿಸಬೇಕಾಗಬಹುದು.

ನನ್ನ ದೂರು ಒಂದಿದೆ. ಹುಟ್ಟುದೋಷವಿರುವ ಮಕ್ಕಳ ಚಿಕಿತ್ಸೆಗೆಂದೇ 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹೃದಯದ ದೋಷವೂ ಸೇರಿದೆ ಎಂಬುದನ್ನು ನಮಗೆ ತಿಳಿಸಿದ್ದು ಹೆರಿಗೆಯ ನಂತರ ಮನೆಗೆ ಬಂದ ಆಶಾ ಕಾರ್ಯಕರ್ತೆ. 24 ವಾರದ ಗಡುವನ್ನು ತಿಳಿಸುವ ಬಾಯಿಯೇ ಇದನ್ನೂ ತಿಳಿಸಿದ್ದರೆ, ಚಿಕಿತ್ಸೆಯ ಖರ್ಚಿಗೆ ಹೊಲ ಮಾರುವ ಮಾತು ನಮ್ಮ ಮನೆಯಲ್ಲಿ ಏಳುತ್ತಿರಲಿಲ್ಲ. ಬೇರೆ ತೀರ್ಮಾನ ಮಾಡಿದ ತಾಯಂದಿರನ್ನು ನಾನು ಅಳೆಯುವುದಿಲ್ಲ. ಅವರಲ್ಲಿ ಎಷ್ಟು ಮಂದಿಗೆ ಪೂರ್ತಿ ಮಾಹಿತಿ ಸಿಕ್ಕಿತ್ತೋ ಎಂಬ ಚಿಂತೆ ಮಾತ್ರ ಇದೆ.

ಈ ಬಾರಿಯ ಫೆಬ್ರವರಿ 11ರಂದು ಬಲಿಪೂಜೆಯ ನಂತರ ರೋಗಿಗಳನ್ನು ಆಶೀರ್ವದಿಸಲು ಮುಂದೆ ಕರೆಯುವಾಗ, ಬಸುರಿಯರನ್ನೂ ಕರೆಯಬೇಕೆಂದು ನಮ್ಮ ಭಾಗದ ಗುರುಗಳಲ್ಲಿ ವಿನಂತಿ. ಕಾರಣ ಕೇಳುವುದು ಬೇಡ.

— ಒಬ್ಬ ತಾಯಿ, ರಾಯಚೂರು