ಒಂದೇ ಹಳ್ಳಕ್ಕೆ ಇಷ್ಟು ತಂಡ, ಒಬ್ಬರಿಗೊಬ್ಬರು ಮಾತಾಡುವುದು ಯಾವಾಗ?

ಮಾನ್ಯ ಸಂಪಾದಕರೇ,

ನಮ್ಮ ಹಳ್ಳದ ಜಲಾನಯನ, ಅಂದರೆ ಹಳ್ಳಕ್ಕೆ ನೀರು ಹರಿದು ಬರುವ ಇಡೀ ಪ್ರದೇಶದ ಸಂಶೋಧನೆ ಬಗ್ಗೆ ನಿನ್ನೆ ಜಿಲ್ಲಾ ಪುಟದಲ್ಲಿ ಬಂದ ವರದಿ ಓದಿದೆ. ಬೇರೆ ಬೇರೆ ವಿಭಾಗದ ತಂಡಗಳು ಕೈಜೋಡಿಸಿ ಕೆಲಸ ಮಾಡಿವೆ, ಇದು ಉಳಿದ ತಾಲ್ಲೂಕುಗಳಿಗೂ ಮಾದರಿ ಅಂತ ಸಭೆಯ ವೇದಿಕೆಯಲ್ಲಿ ಹೇಳಿದರಂತೆ. ಯಾವ ಕೈ, ಎಲ್ಲಿ ಜೋಡಿಸಿದ್ದು? ಆ ಸಭೆಯ ಹಿಂದಿನ ದಿನವೇ ಇಲ್ಲಿಗೆ ಜೆಸಿಬಿ ಬಂದಿತ್ತು. ಹಳ್ಳದ ನೀರು ಅಳೆಯಲು ಒಂದು ತಂಡ ಕಟ್ಟಿದ್ದ ಸಿಮೆಂಟ್ ಕಟ್ಟೆಯನ್ನೂ ಅದರ ಪಕ್ಕದ ಅಳತೆ ಪಟ್ಟಿಯನ್ನೂ ಕಿತ್ತು ದಡಕ್ಕೆ ಎಸೆಯಿತು. ಕಿತ್ತವರು ಹೊರಗಿನವರಲ್ಲ. ಅದೇ ಯೋಜನೆಯಲ್ಲಿ ಚೆಕ್ ಡ್ಯಾಂ ಕೆಲಸ ನೋಡಿಕೊಳ್ಳುವ ಇನ್ನೊಂದು ತಂಡದ ಗುತ್ತಿಗೆದಾರರು. ಇಲ್ಲೊಂದು ಅಳತೆ ಕಟ್ಟೆ ಇದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲವಂತೆ. ರಾತ್ರಿ ಜೋರು ಮಳೆ ಬಂತು. ಹಳ್ಳದೊಳಗೆ ಗುಡ್ಡೆ ಹಾಕಿದ್ದ ಮಣ್ಣು ಅಡ್ಡವಾಗಿ ನೀರೆಲ್ಲ ನನ್ನ ಕಡಲೆಕಾಯಿ ಹೊಲಕ್ಕೆ ನುಗ್ಗಿತು. ಬದು ಒಡೆಯಿತು, ಬೀಜ ಕೊಚ್ಚಿಹೋಯಿತು, ಗೊಬ್ಬರದ ದುಡ್ಡೂ ಹೋಯಿತು. ನಿನ್ನೆ ಬೆಳಗ್ಗೆ ನಾನು ಇನ್ನೂ ಹೊಲದಲ್ಲಿ ಕೆಸರು ತುಳಿಯುತ್ತಿದ್ದಾಗ ಮಗ ಪೇಪರ್ ತಂದು ಕೊಟ್ಟ. ಅದರಲ್ಲಿ ಎಲ್ಲರೂ ಸಾಲಾಗಿ ನಿಂತ ಫೋಟೋ.

ನನ್ನ ಹೊಲದ ನಷ್ಟ ಒಂದು ಕಡೆ ಇರಲಿ. ನಮ್ಮ ಶಿರಾ ಕಡೆ ಹಳ್ಳ ಹರಿಯುವುದೇ ವರ್ಷಕ್ಕೆ ಕೆಲವು ಸಲ. ಉಳಿದ ದಿನ ಮಳೆ ಬಂದರೂ ನೆಲ ಕುಡಿದುಬಿಡುತ್ತದೆ. ಹಳ್ಳ ಹರಿಯುವುದು ಅರ್ಧ ಮುಕ್ಕಾಲು ಗಂಟೆ ದಬದಬ ಸುರಿದಾಗ ಮಾತ್ರ. ಹನಿ ಬಿದ್ದ ಏಟಿಗೆ ಕೆಂಪು ಮಣ್ಣಿನ ಮೇಲುಪದರ ಹೆಪ್ಪುಗಟ್ಟುತ್ತದೆ, ಆಮೇಲೆ ನೀರು ಇಂಗದೆ ಓಡುತ್ತದೆ. ಇದನ್ನು ನನಗೆ ಬಿಡಿಸಿ ಹೇಳಿದ್ದು ಆ ಕಟ್ಟೆ ಕಟ್ಟಿದ ತಂಡದ ಹುಡುಗನೇ. ಒಳ್ಳೆ ಹುಡುಗ, ಬಿಸಿಲಲ್ಲಿ ನಿಂತು ಕೆಲಸ ಮಾಡುತ್ತಿದ್ದ. ಮಳೆ ಎಷ್ಟು ಬಂತು ಅನ್ನುವುದಕ್ಕಿಂತ ಎಷ್ಟು ಬೇಗ ಬಂತು ಅನ್ನುವುದು ಮುಖ್ಯ, ಹರಿದ ನೀರನ್ನು ಅಳೆಯದೆ ಕಾಗದದ ಮೇಲೆ ಲೆಕ್ಕ ಹಾಕಿದರೆ ಚೆಕ್ ಡ್ಯಾಂ ಎಲ್ಲಿ ಎಷ್ಟು ಎತ್ತರ ಇರಬೇಕು ಅಂತ ಹೇಳಲಾಗದು ಅಂದಿದ್ದ. ಈ ಸಲ ಹಳ್ಳ ಹರಿದ ಮೊದಲ ಮಳೆ ಇದೇ. ಅಳೆಯುವ ಕಟ್ಟೆ ಮಾತ್ರ ದಡದಲ್ಲಿ ಬಿದ್ದಿತ್ತು. ಯೋಜನೆಯವರೇ, ಅಳತೆಗೆ ದುಡ್ಡು ಸುರಿದವರೂ ನೀವೇ, ಅಳೆಯಬೇಕಾದ ದಿನ ಅದನ್ನು ಕಿತ್ತವರೂ ನೀವೇ. ಆ ಹುಡುಗನ ವರ್ಷದ ಕೆಲಸಕ್ಕೆ ಯಾರು ಜವಾಬ್ದಾರಿ?

ಇದು ಒಂದು ದಿನದ ಕಥೆಯಲ್ಲ. ಮಣ್ಣಿನ ತಂಡ ಬಂತು, ರಾಗಿ ಹೊಲದ ನಡುವೆ ಆಳುದ್ದ ಗುಂಡಿ ತೋಡಿತು. ತೋಡಲಿ, ಮಣ್ಣಿನ ಪದರ ನೋಡಬೇಕಾದರೆ ತೋಡಲೇಬೇಕು, ಅದು ನನಗೂ ಗೊತ್ತು. ಆದರೆ ನೋಡಿ ಆದ ಮೇಲೆ ಮುಚ್ಚುವುದು ಯಾರು? ಮುಚ್ಚುವ ಕೂಲಿ ತಮ್ಮ ಲೆಕ್ಕದಲ್ಲಿ ಇಲ್ಲ, ಕಾಮಗಾರಿ ತಂಡದ ಲೆಕ್ಕದಲ್ಲಿ ಇದೆ ಅಂದರು. ಕಾಮಗಾರಿ ತಂಡದವರನ್ನು ಕೇಳಿದರೆ ನಮಗೇನೂ ಪತ್ರ ಬಂದಿಲ್ಲ ಅಂದರು. ಅಷ್ಟರಲ್ಲಿ ನಮ್ಮ ಕಡಸು ಅದರೊಳಗೆ ಬಿತ್ತು. ಊರವರೆಲ್ಲ ಸೇರಿ ಹಗ್ಗ ಕಟ್ಟಿ ಎತ್ತಿದೆವು, ಈಗಲೂ ಕುಂಟುತ್ತಿದೆ. ಗುಂಡಿ ಹಾಗೇ ಇದೆ, ಮಳೆನೀರು ತುಂಬಿದೆ, ಪಕ್ಕದಲ್ಲೇ ಶಾಲೆ ಮಕ್ಕಳು ಓಡಾಡುವ ದಾರಿ.

ಇನ್ನು ಸರ್ವೆಯವರು. ನಿಮಗೆ ಎಷ್ಟು ಎಕರೆ, ಎಷ್ಟು ಬೋರು, ಎಷ್ಟು ಅಡಿಗೆ ನೀರು, ಎಷ್ಟು ಸಾಲ, ಹಸು ಎಷ್ಟು, ಎಮ್ಮೆ ಎಷ್ಟು. ಒಂದು ತಂಡ ಇದನ್ನೆಲ್ಲ ಬರೆದುಕೊಂಡು ಹೋದ ಮೇಲೆ ಇನ್ನೊಂದು ತಂಡ ಮೊಬೈಲ್ ಹಿಡಿದು ಬಂದು ಅದನ್ನೇ ಕೇಳುತ್ತದೆ. ಬೋರ್‌ವೆಲ್ ನೋಡುವವರು ಮತ್ತೆ ಬಂದು ಅದೇ ಬೋರಿನ ಆಳ ಕೇಳುತ್ತಾರೆ. ಮೊನ್ನೆ ಬಂದವರಿಗೆ ಕೊಟ್ಟಿದ್ದೇವಲ್ಲ, ಅವರಿಂದ ತಗೊಳ್ಳಿ ಅಂದರೆ ಅದು ಬೇರೆ ವಿಭಾಗ ಸಾರ್ ಅನ್ನುತ್ತಾರೆ. ಅದೂ ಬರುವುದು ಬಿತ್ತನೆ ಹೊತ್ತಿಗೇ. ಆಳು ಕಾಯುತ್ತಿರುತ್ತದೆ, ಹದ ಆರುತ್ತಿರುತ್ತದೆ, ಬಾಡಿಗೆ ಟ್ರ್ಯಾಕ್ಟರ್‌ನವನು ಗೊಣಗುತ್ತಿರುತ್ತಾನೆ, ಇವರಿಗೆ ನಮ್ಮ ಮನೆ ಟಿವಿ ಯಾವ ವರ್ಷ ತಗೊಂಡಿದ್ದು ಅಂತ ಬೇಕು. ಹೆಂಗಸರನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ನೀರು ಹೊರುವವರು ಅವರು, ಯಾವ ತಿಂಗಳು ಯಾವ ಬಾವಿ ಬತ್ತುತ್ತದೆ ಅಂತ ಬಾಯಲ್ಲೇ ಹೇಳುವವರೂ ಅವರೇ.

ಒಟ್ಟಿಗೆ ಕೆಲಸ ಮಾಡುವುದು ಆಗದ ಮಾತೇನಲ್ಲ. ನಮ್ಮ ತುಮಕೂರು ಜಿಲ್ಲೆಯಲ್ಲೇ ಆಗಿದೆ. 2001ರಲ್ಲಿ ವಿಶ್ವಬ್ಯಾಂಕ್ ನೆರವಿನಲ್ಲಿ ಸುಜಲ ಜಲಾನಯನ ಯೋಜನೆ ಶುರುವಾದಾಗ ಕೋಲಾರ, ಚಿತ್ರದುರ್ಗ, ಹಾವೇರಿ, ಧಾರವಾಡದ ಜೊತೆ ನಮ್ಮ ಜಿಲ್ಲೆಯೂ ಇತ್ತು. ಆಗ ಊರಲ್ಲಿ ರೈತರ ಗುಂಪು, ಹೆಂಗಸರ ಸಂಘ ಕಟ್ಟಿಕೊಂಡು, ಸ್ವಯಂಸೇವಾ ಸಂಸ್ಥೆಯವರೂ ಇಲಾಖೆಯವರೂ ಜೊತೆ ಕೂತು ಯಾವ ಹೊಲಕ್ಕೆ ಬದು, ಎಲ್ಲಿ ಕಂದಕ ಅಂತ ಯೋಜನೆ ಮಾಡುತ್ತಿದ್ದರು. ಕೆಲಸ ಆಗಿದೆಯೋ ಇಲ್ಲವೋ ಅಂತ ಉಪಗ್ರಹ ಚಿತ್ರ ಇಟ್ಟುಕೊಂಡು ಬೇರೆಯವರು ನೋಡುತ್ತಿದ್ದರು. ಅದರಲ್ಲೂ ತಪ್ಪಿತ್ತು, ಎಲ್ಲ ಕಡೆ ಚೆನ್ನಾಗಾಯಿತು ಅಂತ ನಾನು ಹೇಳುವುದಿಲ್ಲ, ಆದರೆ ಊರಲ್ಲಿ ಕೇಳುವುದಕ್ಕೆ ಒಂದು ಜಾಗ ಇತ್ತು. ಆಮೇಲೆ ಸುಜಲ ಮೂರನೇ ಹಂತದಲ್ಲಿ ಮಣ್ಣು ಸರ್ವೆ ಸಂಸ್ಥೆಯವರೂ ಕೃಷಿ ವಿಶ್ವವಿದ್ಯಾಲಯಗಳವರೂ ಸೇರಿ ಸರ್ವೆ ನಂಬರ್ ಮಟ್ಟದಲ್ಲಿ ಮಣ್ಣಿನ ಆಳ, ಗರಸು, ಇಳಿಜಾರು, ಕೊಚ್ಚಣೆ ಎಲ್ಲ ಗುರುತಿಸಿದರು. ಆ ನಕ್ಷೆ 1:7920 ಅಳತೆಯದು, ಅಂದರೆ ನಕ್ಷೆಯ ಒಂದು ಇಂಚು ನೆಲದ ಮೇಲೆ ಒಂದು ಫರ್ಲಾಂಗ್ (660 ಅಡಿ). ನಮ್ಮ ಗ್ರಾಮ ನಕ್ಷೆಯ ಅಳತೆಯಲ್ಲೇ ಮಣ್ಣಿನ ನಕ್ಷೆ. ಇದಕ್ಕಿಂತ ಒಳ್ಳೆಯದು ರೈತನಿಗೆ ಇನ್ನೇನು ಬೇಕು? ಈಗ ಬಂದಿರುವ ತಂಡದವರಿಗೆ ಅಂಥದ್ದೊಂದು ನಕ್ಷೆ ಇದೆ ಅಂತ ಹೇಳಿದರೆ ಮುಖ ಮುಖ ನೋಡಿಕೊಂಡರು. ಆ ನಕ್ಷೆ ನೋಡಿಕೊಂಡು ಬಂದಿದ್ದರೆ ಅರ್ಧದಷ್ಟು ಗುಂಡಿ ತೋಡುವುದೇ ತಪ್ಪುತ್ತಿತ್ತು, ಅಲ್ವಾ?

ಗುಂಡ್ಲುಪೇಟೆ ಕಡೆ ಹೋಗಿ ನೋಡಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರಾನ್ಸಿನವರೂ ಸೇರಿ ಕಬಿನಿ ಕಣಿವೆಯಲ್ಲಿ 20 ವರ್ಷಕ್ಕಿಂತ ಜಾಸ್ತಿ ಕಾಲದಿಂದ ಅಳೆಯುತ್ತಾ ಬಂದಿದ್ದಾರೆ. ಬಂಡೀಪುರ ಕಾಡಿನೊಳಗೆ ಮೂಲೆಹೊಳೆ ಅಂತ ಒಂದು ಪುಟ್ಟ ಜಲಾನಯನ, ನಾಲ್ಕು ಚದರ ಕಿಲೋಮೀಟರ್ ಚಿಲ್ಲರೆ. ಕಾಡಿನ ಹೊರಗೆ ಬೇಸಾಯ ಇರುವ ಬೇರಂಬಾಡಿ, ಸುಮಾರು 84 ಚದರ ಕಿಲೋಮೀಟರ್. ಕಾಡಲ್ಲಿ ನೀರು ಏನಾಗುತ್ತದೆ, ಬೋರು ಕೊರೆದ ಊರಲ್ಲಿ ಏನಾಗುತ್ತದೆ ಅಂತ ಎರಡನ್ನೂ ಇಟ್ಟು ನೋಡುತ್ತಾರೆ. ಮಣ್ಣಿನವರು, ಅಂತರ್ಜಲದವರು, ಉಪಗ್ರಹದವರು, ಬೆಳೆಯವರು ಎಲ್ಲ ಅದೇ ಜಾಗದಲ್ಲಿ ಅಳೆಯುತ್ತಾರೆ. ಹಾಗಾಗಿಯೇ ಒಬ್ಬರ ಅಳತೆ ಇನ್ನೊಬ್ಬರಿಗೆ ಉಪಯೋಗಕ್ಕೆ ಬರುತ್ತದೆ.

ಬೆಂಗಳೂರು ಹತ್ತಿರದ ಅರ್ಕಾವತಿ ನದಿ ಏಕೆ ಬತ್ತಿತು ಅಂತ ನೋಡಿದವರ ಕೆಲಸವೂ ಹಾಗೇ. ಆ ನದಿಯ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ನೀರು ಬರುವುದು ತುಂಬಾ ಕಮ್ಮಿಯಾದಾಗ ಮಳೆ ಕಮ್ಮಿಯಾಯಿತು ಅಂತ ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಸಂಶೋಧಕರು ಮಳೆ ಲೆಕ್ಕ ತೆಗೆದರು, ಬೋರ್‌ವೆಲ್ ನೋಡಿದರು, ನೀಲಗಿರಿ ತೋಪು ನೋಡಿದರು, ಹಳ್ಳಕ್ಕೆ ಅಡ್ಡ ಕಟ್ಟಿದ ಕಟ್ಟೆಗಳನ್ನೂ ನೋಡಿದರು. ಮಳೆ ಕಾರಣ ಅಲ್ಲ, ಅಂತರ್ಜಲ ಎತ್ತಿದ್ದು ಮತ್ತು ನೀಲಗಿರಿ ಮುಖ್ಯ ಕಾರಣ ಅಂತ 2015ರಲ್ಲಿ ಬರೆದರು. ಒಂದೇ ವಿಭಾಗದವರು ಕೂತು ಬರೆದಿದ್ದರೆ ಈ ಮಾತು ಹೊರಗೆ ಬರುತ್ತಿರಲಿಲ್ಲ. ನಮ್ಮಲ್ಲಿ ಮೇಲೆ ಚೆಕ್ ಡ್ಯಾಂ ಮೇಲೆ ಚೆಕ್ ಡ್ಯಾಂ ಕಟ್ಟುತ್ತಿದ್ದಾರೆ, ಕೆಳಗಿನ ಊರಿನ ಕೆರೆ ಕೋಡಿ ಬಿದ್ದು ಎಷ್ಟು ಕಾಲ ಆಯಿತು ಅಂತ ಅಳೆಯುವವರೂ ಕಟ್ಟುವವರೂ ಜೊತೆ ಕೂತು ಒಂದು ಸಲವಾದರೂ ನೋಡಿದ್ದಾರಾ? ನಮ್ಮ ಹಳ್ಳದ ನೀರು ಸುವರ್ಣಮುಖಿಗೆ ಹೋಗುತ್ತದೆ, ಸುವರ್ಣಮುಖಿ ಚಿತ್ರದುರ್ಗ ಜಿಲ್ಲೆಗೆ ದಾಟಿ ವೇದಾವತಿ ಸೇರುತ್ತದೆ. ಇವರ ನಕ್ಷೆ ಮಾತ್ರ ತಾಲ್ಲೂಕು ಗಡಿಗೆ ನಿಂತುಬಿಡುತ್ತದೆ. ಆಚೆಗೆ ಬೇರೆ ಆಫೀಸಂತೆ.

ಆಫೀಸು ಅಂದ ಮೇಲೆ ಹೇಳಲೇಬೇಕು. ಹೊಲದ ನಷ್ಟಕ್ಕೆ ಅರ್ಜಿ ಕೊಡಲು ಹೋದರೆ ಮೊದಲು ಫ್ರೂಟ್ಸ್ ಐಡಿಗೆ (ಸರ್ಕಾರದಲ್ಲಿ ರೈತರ ನೋಂದಣಿ ಸಂಖ್ಯೆ) ಪಹಣಿ ಜೋಡಿಸಿ ಅಂದರು. ಪಹಣಿಯಲ್ಲಿ ಇನ್ನೂ ಅಣ್ಣತಮ್ಮಂದಿರದು ಜಂಟಿ ಇದೆ, ಪಾಲು ಅಳೆದು ಬೇರೆ ಮಾಡುವ ಪೋಡಿಗೆ ಅರ್ಜಿ ಕೊಟ್ಟು ವರ್ಷಗಳೇ ಆದವು, ಸರ್ವೆಯವರು ಬರುತ್ತೇವೆ ಅಂತಲೇ ಇದ್ದಾರೆ. ಸಂಶೋಧನೆ ಅಂದರೆ ಹೊಲದ ಮೇಲೆ ಡ್ರೋನ್ ಹಾರುತ್ತದೆ, ನನ್ನ ಪಾಲಿನ ಹೊಲಕ್ಕೆ ಗಡಿ ಕಲ್ಲು ಹಾಕಲು ಮಾತ್ರ ಜನ ಇಲ್ಲ. ಹಳ್ಳದ ಸೇತುವೆ ಹೋದ ಮಳೆಗೇ ಕುಸಿದಿದೆ, ಬಸ್ಸು ಊರಾಚೆಯೇ ನಿಲ್ಲುತ್ತದೆ, ಅದಕ್ಕೂ ಅರ್ಜಿ ಕೊಟ್ಟಿದ್ದೇವೆ. ಕೇಳಿದರೆ ಫೈಲು ಮೇಲೆ ಹೋಗಿದೆ ಅನ್ನುತ್ತಾರೆ. ಹಿಂದಿನ ಸಾಹೇಬರೂ ಇದನ್ನೇ ಹೇಳುತ್ತಿದ್ದರು, ಅವರ ಹಿಂದಿನವರೂ ಇದನ್ನೇ.

ಸಂಪಾದಕರೇ, ನಮಗೆ ಸಂಶೋಧನೆ ಬೇಡ ಅಂತಲ್ಲ. ಬೇಕು, ಬೇಗ ಬೇಕು. ನಮ್ಮ ಊರಲ್ಲಿ ನೀರು ಸಿಗದ ಬೋರಿಗೆ ಸಾಲ ಮಾಡಿ ಮುಳುಗಿದ ಮನೆಗಳಿವೆ. ಎಲ್ಲಿ ಇಂಗುತ್ತದೆ, ಎಲ್ಲಿ ಇಂಗುವುದಿಲ್ಲ ಅಂತ ಯಾರಾದರೂ ಸರಿಯಾಗಿ ಹೇಳಿದರೆ ಆ ಮನೆಗಳು ಉಳಿಯುತ್ತವೆ. ಅದಕ್ಕೇ ಇಷ್ಟು ಸಿಟ್ಟು. ಅಳತೆ ಕಟ್ಟೆಯನ್ನು ಈ ವಾರವೇ ಮತ್ತೆ ಕಟ್ಟಲಿ, ಕಿತ್ತವರ ದುಡ್ಡಿನಲ್ಲೇ ಕಟ್ಟಲಿ. ಗುಂಡಿ ಮುಚ್ಚಲಿ, ಹೊಲಕ್ಕೂ ಕಡಸಿಗೂ ಪರಿಹಾರ ಕೊಡಲಿ. ಎಲ್ಲ ತಂಡದ ಮುಖ್ಯಸ್ಥರೂ ನಮ್ಮ ಗ್ರಾಮಸಭೆಗೆ ಒಟ್ಟಿಗೆ ಬಂದು ಇಲ್ಲಿವರೆಗೆ ಏನು ಕಂಡುಕೊಂಡಿರಿ ಅಂತ ಕನ್ನಡದಲ್ಲಿ ಓದಿ ಹೇಳಲಿ. ಅಲ್ಲಿವರೆಗೆ ಕೆಲಸ ನಿಲ್ಲಿಸಲಿ, ಇಲ್ಲವೇ ಜವಾಬ್ದಾರಿ ಇರುವ ಒಬ್ಬರನ್ನು ಊರಲ್ಲೇ ಕೂರಿಸಿ ಮುಂದುವರಿಸಲಿ. ಜಿಲ್ಲೆಯ ಹಿರಿಯ ಅಧಿಕಾರಿಗಳಾದರೂ ಒಮ್ಮೆ ಇಳಿದು ಬಂದು ಈ ಹಳ್ಳದಲ್ಲಿ ನಡೆಯಲಿ. ಸೇತುವೆ ಇಲ್ಲ, ಹೇಗೂ ನಡೆದೇ ಬರಬೇಕು. ಇಷ್ಟು ಜನ ಓದಿದವರಿದ್ದೀರಿ, ಜೆಸಿಬಿ ಕಳಿಸುವ ಮುಂಚೆ ಒಬ್ಬರು ಇನ್ನೊಬ್ಬರಿಗೆ ಒಂದು ಫೋನ್ ಮಾಡಲು ಏನು ಕಷ್ಟವಿತ್ತು?

ಒಬ್ಬ ರೈತ, ಶಿರಾ ತಾಲ್ಲೂಕು